ಅಮ್ಮನನ್ನು ಬಿಡುವ ಮುಂಚೆ, ಬಿಟ್ಟು ಬಂದ ಮೇಲೆ: ಹಿರಿಯರ ಆರೈಕೆ ಮನೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ನಿವೃತ್ತಿಯಾಗಿ ಶಿವಮೊಗ್ಗದಲ್ಲಿ ನೆಲೆಸಿದ ಮೇಲೆ ಬಿಪಿ ನೋಡಿಸಿಕೊಳ್ಳಲು ಬರುವವರಿಗಿಂತ ಈ ವಿಷಯ ಕೇಳಲು ಬರುವವರೇ ಜಾಸ್ತಿ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ. ಊರಲ್ಲಿ ದೊಡ್ಡ ಮನೆ, ಅಂಗಳದ ತುಂಬ ಅಡಿಕೆ, ಒಳಗೆ ಇಬ್ಬರು ಮುದುಕರು. ಅವರಲ್ಲೊಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ಕೈಯಲ್ಲಿ ಆಗುವುದಿಲ್ಲ. ಮದುವೆ ಮನೆಯಲ್ಲಿ, ಸಾಗರದ ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಟ್ಟಿದ್ದೇನೆ. ನನ್ನ ಅತ್ತೆಯವರೂ ಕೊನೆಯ 14 ತಿಂಗಳು ಇಂಥ ಎರಡು ಆರೈಕೆ ಮನೆಗಳಲ್ಲಿ ಇದ್ದರು. ಹಾಗಾಗಿ ಕೆಲವು ಉತ್ತರ ನರ್ಸ್ ಆಗಿ ಕಲಿತದ್ದು, ಕೆಲವು ಸೊಸೆಯಾಗಿ.

## ಮೊದಲ ಹೆಜ್ಜೆ

ನರ್ಸಿಂಗ್ ಹೋಂ ಅಂದ್ರೆ ಆಸ್ಪತ್ರೆ ಅಲ್ವಾ ಅಕ್ಕಾ? ಅಮ್ಮನ್ನ ವರ್ಷಗಟ್ಟಲೆ ಅಲ್ಲಿ ಇಟ್ಕೋತಾರಾ?

ನಮ್ಮಲ್ಲಿ ನರ್ಸಿಂಗ್ ಹೋಂ ಅಂದರೆ ಹೆರಿಗೆ, ಆಪರೇಷನ್ ಮಾಡುವ ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿ ವರ್ಷಗಟ್ಟಲೆ ಇರಲಾಗುವುದಿಲ್ಲ. ಹೊರದೇಶದಲ್ಲಿರುವ ಮಕ್ಕಳು ಅದೇ ಪದವನ್ನು ವಯಸ್ಸಾದವರ ದೀರ್ಘಕಾಲದ ಆರೈಕೆ ಮನೆಗೆ ಬಳಸುತ್ತಾರೆ. ಗೊಂದಲ ಶುರುವಾಗುವುದೇ ಇಲ್ಲಿ. ನಿಮಗೆ ಬೇಕಾದದ್ದು ಯಾವುದೆಂದು ಮೊದಲು ತಿಳಿದುಕೊಳ್ಳಿ. ಓಡಾಡಿಕೊಂಡು ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿಗೆ ವೃದ್ಧಾಶ್ರಮ ಸಾಕು. ಸ್ನಾನಕ್ಕೆ, ಕಕ್ಕಸಿಗೆ ಆಸರೆ ಬೇಕು ಅನ್ನುವವರಿಗೆ, ಹಾಸಿಗೆ ಹಿಡಿದವರಿಗೆ, ಮರೆವಿನ ಕಾಯಿಲೆಯವರಿಗೆ ಹಗಲೂ ರಾತ್ರಿಯೂ ಜನ ಇರುವ ಆರೈಕೆ ಕೇಂದ್ರವೇ ಬೇಕು. ತುಂಬ ವೃದ್ಧಾಶ್ರಮಗಳು ಸೇರಿಸಿಕೊಳ್ಳುವಾಗಲೇ "ನಡೆದಾಡುವವರನ್ನು ಮಾತ್ರ" ಅನ್ನುತ್ತವೆ. ಹಾಗಿದ್ದರೆ ನಾಳೆ ಸೊಂಟ ಮುರಿದಾಗ ಏನು ಮಾಡುತ್ತೀರಿ ಎಂದು ಅವತ್ತೇ ಕೇಳಿ. "ಆಗ ನೀವು ಕರ್ಕೊಂಡು ಹೋಗ್ಬೇಕಾಗತ್ತೆ" ಎಂದು ನೇರವಾಗಿ ಹೇಳುವವರು ಪ್ರಾಮಾಣಿಕರು. "ಅದೆಲ್ಲ ನೋಡ್ಕೊಳಣ" ಅನ್ನುವವರ ಹತ್ತಿರ ಇನ್ನೆರಡು ಪ್ರಶ್ನೆ ಹೆಚ್ಚಿಗೆ ಕೇಳಿ.

ಮನೇಲೇ ಒಬ್ಬ ಹೋಂ ನರ್ಸ್ ಇಟ್ರೆ ಸಾಲದಾ?

ಒಳ್ಳೆ ಹುಡುಗಿ ಸಿಕ್ಕಿ, ಮನೆಯಲ್ಲಿ ಗಟ್ಟಿಯಾಗಿರುವ ಇನ್ನೊಬ್ಬರಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಏಜೆನ್ಸಿಗಳು ಕಳಿಸುವ "ಹೋಂ ನರ್ಸ್"ಗಳಲ್ಲಿ ಎಷ್ಟೋ ಜನ ನರ್ಸಿಂಗ್ ಓದಿದವರಲ್ಲ, ಕೆಲಸ ಮಾಡುತ್ತಾ ಕಲಿತವರು. ಒಬ್ಬಳೇ ಹೆಣ್ಣುಮಗಳು ಇಪ್ಪತ್ನಾಲ್ಕು ಗಂಟೆ ದುಡಿಯಲೂ ಆಗುವುದಿಲ್ಲ. ಅವಳೂ ರಜೆಗೆ ಊರಿಗೆ ಹೋಗುತ್ತಾಳೆ. ಆ ನಾಲ್ಕು ದಿನ ಯಾರು ನೋಡುತ್ತಾರೆ ಅನ್ನುವುದಕ್ಕೆ ನಿಮ್ಮಲ್ಲಿ ಉತ್ತರ ಇದ್ದರೆ ಮನೆಯೇ ಸರಿ.

ಊರವರು ಆಡ್ಕೊಳ್ತಾರೆ. ಏನು ಹೇಳೋದು?

ಆಡಿಕೊಳ್ಳುವವರಿಗೆ ಒಂದು ವಾರ ರಾತ್ರಿ ಡ್ಯೂಟಿ ಕೊಡಿ.

ಪೇಟೆಯಲ್ಲೇ ನೋಡ್ಬೇಕಾ, ತೀರ್ಥಹಳ್ಳಿ ಕಡೆ ತೋಟದ ಮಧ್ಯೆ ತಂಪಾಗಿರೋದು ಒಳ್ಳೇದಾ?

ಫೋಟೋದಲ್ಲಿ ತೋಟದ ಮಧ್ಯದ್ದೇ ಚೆಂದ. ಜುಲೈ ತಿಂಗಳಲ್ಲಿ ಹೋಗಿ ನೋಡಿ. ನಮ್ಮ ಕಡೆಯ ಜಾಗವನ್ನು ಮಳೆಗಾಲದಲ್ಲೇ ಪರೀಕ್ಷೆ ಮಾಡಬೇಕು. ಗಾಳಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ ಅಂದರೆ ಜನರೇಟರ್ ಎಷ್ಟು ಹೊತ್ತು ಓಡುತ್ತದೆ? ಆಕ್ಸಿಜನ್ ಮಿಷನ್, ಏರ್ ಬೆಡ್, ನೀರಿನ ಪಂಪು ಮೂರೂ ಅದರ ಮೇಲೆ ನಿಂತಿರುತ್ತವೆ. ಮೊಬೈಲ್ ಟವರಿನ ಬ್ಯಾಟರಿ ಸತ್ತರೆ ನಿಮಗೆ ಫೋನ್ ಮಾಡುವುದು ಹೇಗೆ? ಅಂಗಳದಲ್ಲಿ ಪಾಚಿ ಕಟ್ಟಿದೆಯೇ? ಆಂಬುಲೆನ್ಸ್ ಗೇಟಿನವರೆಗೆ ಬರುತ್ತದೆಯೇ, ಇಲ್ಲಾ ಹಳ್ಳ ದಾಟುವ ಸಂಕದ ಈಚೆಗೇ ನಿಲ್ಲುತ್ತದೆಯೇ?

ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಹಗಲಲ್ಲಿ ಅದೇನು ದೂರವಲ್ಲ. ಪಾರ್ಶ್ವವಾಯು ಹೊಡೆದಾಗ ಮಾತ್ರ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಕಾಲ ನಾಲ್ಕೂವರೆ ಗಂಟೆ. ಅದರೊಳಗೇ ಸ್ಕ್ಯಾನ್ ಕೂಡ ಆಗಬೇಕು. ರಾತ್ರಿ ಎರಡಕ್ಕೆ, ಮಳೆಯಲ್ಲಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಎಷ್ಟು ಹೊತ್ತು ಎಂದು ಲೆಕ್ಕ ಹಾಕಿ. ಮಣಿಪಾಲ ಅಂದರೆ ಆಗುಂಬೆ ಘಾಟಿ ಇಳಿಯಬೇಕು, ಮಳೆಗಾಲದ ಘಾಟಿಯನ್ನು ನೆಚ್ಚುವ ಹಾಗಿಲ್ಲ. ಹೃದಯದ, ಪಾರ್ಶ್ವವಾಯುವಿನ ಹಿನ್ನೆಲೆ ಇರುವವರಿಗೆ ನಾನು ಪೇಟೆಯನ್ನೇ ಹೇಳುತ್ತೇನೆ. ಮರೆವಿನ ಕಾಯಿಲೆ ಇದ್ದು ಮೈ ಗಟ್ಟಿ ಇರುವವರಿಗೆ, ಅದರಲ್ಲೂ ಜೀವನವಿಡೀ ತೋಟದಲ್ಲಿ ಓಡಾಡಿದವರಿಗೆ, ಅಂಗಳ ಇರುವ ಜಾಗ ಎಷ್ಟೋ ವಾಸಿ.

ಕಾಡಂಚಿನ ಜಾಗವಾದರೆ ಇನ್ನೊಂದು ಮಾತು. ಮಂಗನ ಕಾಯಿಲೆ ಮೊದಲು ಕಂಡದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಚಳಿಗಾಲದಿಂದ ಬೇಸಿಗೆಯವರೆಗೆ ಅದನ್ನು ಹರಡುವ ಉಣ್ಣೆ ಹುಳದ ಕಾಟ. ದನದ ಕೊಟ್ಟಿಗೆ ಅಂಟಿಕೊಂಡಿದ್ದರೆ, ಸುತ್ತ ಒಣಗಿದೆಲೆಯ ದರಗು ಗುಡಿಸಿ ತರುತ್ತಿದ್ದರೆ, ಜ್ವರ ಬಂದಾಗ ಏನು ಮಾಡುತ್ತೀರಿ ಎಂದು ಕೇಳಿದರೆ ತಪ್ಪಿಲ್ಲ.

## ನೋಡಲು ಹೋದಾಗ

ಫೋನ್ ಮಾಡಿ ಹೋಗೋದಾ, ಹಂಗೇ ಹೋಗೋದಾ?

ಮೊದಲ ಸಲ ಫೋನ್ ಮಾಡಿ ಹೋಗಿ, ಅದು ಮರ್ಯಾದೆ. ಎರಡನೇ ಸಲ ಹೇಳದೆ ಹೋಗಿ. ಮೂರನೇ ಸಲ ಭಾನುವಾರ ಸಂಜೆ ಏಳರ ಮೇಲೆ ಹೋಗಿ. ಮ್ಯಾನೇಜರ್ ಇರುವುದಿಲ್ಲ, ಹಗಲು ಪಾಳಿಯವರು ಹೊರಟಿರುತ್ತಾರೆ, ರಾತ್ರಿಯವರು ಇನ್ನೂ ಚೀಲ ಇಳಿಸುತ್ತಿರುತ್ತಾರೆ. ಆ ಅರ್ಧ ಗಂಟೆಯಲ್ಲಿ ಬೆಲ್ ಒತ್ತಿದವರ ಹತ್ತಿರ ಯಾರು ಹೋದರು, ಎಷ್ಟು ಹೊತ್ತಿಗೆ ಹೋದರು ಎಂದು ನೋಡಿದರೆ ಬ್ರೋಷರ್ ಓದಬೇಕಾಗಿಲ್ಲ. ಹೇಳದೆ ಬಂದವರನ್ನು ಗೇಟಿನಲ್ಲೇ ನಿಲ್ಲಿಸುವ ಕಡೆ ನಾನಾದರೆ ಸೇರಿಸುವುದಿಲ್ಲ. ಊಟದ ಹೊತ್ತು, ಸ್ನಾನದ ಹೊತ್ತು ಬಿಟ್ಟು ಬನ್ನಿ ಎಂದರೆ ಒಪ್ಪಬಹುದು. ವಾರಕ್ಕೊಂದೇ ದಿನ, ಒಂದೇ ಗಂಟೆ ಎಂದರೆ ಒಪ್ಪಬೇಡಿ.

ಒಳಗೆ ಕಾಲಿಟ್ಟ ಕೂಡ್ಲೇ ಏನು ನೋಡ್ಬೇಕು?

ಮೂಗು ಹೇಳುತ್ತದೆ. ಒಂದು ಕೋಣೆಯಲ್ಲಿ ಉಚ್ಚೆ ವಾಸನೆ ಇದ್ದರೆ ಈಗ ತಾನೆ ಯಾರಿಗೋ ಆಗಿದೆ ಎಂದರ್ಥ, ಅದು ಸಹಜ. ಇಡೀ ಮನೆಗೆ ವಾಸನೆ ಹಿಡಿದಿದ್ದರೆ ಬಟ್ಟೆ ಬದಲಿಸಲು ಜನ ಸಾಲುತ್ತಿಲ್ಲ ಎಂದರ್ಥ. ಫಿನಾಯಿಲ್ ಘಾಟು ಕಣ್ಣಿಗೆ ಹೊಡೆಯುತ್ತಿದ್ದರೂ ನನಗೆ ಅನುಮಾನವೇ.

ಆಮೇಲೆ ಮಂಚದ ಪಕ್ಕ ನೋಡಿ. ನೀರಿನ ಲೋಟ ಕೈಗೆ ಎಟುಕುವಲ್ಲಿದೆಯೇ? ಕನ್ನಡಕ, ಕಿವಿಯ ಮಿಷನ್, ಹಲ್ಲಿನ ಸೆಟ್ಟು ಅವರವರ ಹತ್ತಿರ ಇದೆಯೇ, ಇಲ್ಲಾ ಎಲ್ಲರದ್ದೂ ಒಂದು ಡಬ್ಬಿಯಲ್ಲಿದೆಯೇ? ಒಬ್ಬರ ಸೀರೆ ಇನ್ನೊಬ್ಬರ ಮೈಮೇಲೆ ಇಲ್ಲವಷ್ಟೆ? ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಒರಟು ನೆಲ, ಕೂರಲು ಸ್ಟೂಲು ಇದೆಯೇ? ನೆಲಕ್ಕೆ ಗ್ರಾನೈಟ್ ಹಾಸಿ ಫಳಫಳ ಮಾಡಿದ್ದನ್ನು ತೋರಿಸಿ ಹೆಮ್ಮೆಪಡುವ ಮಾಲೀಕರಿದ್ದಾರೆ. ಒದ್ದೆಯಾದ ಗ್ರಾನೈಟ್ ಮೇಲೆ ಎಂಬತ್ತರ ಮುದುಕಿ ನಿಲ್ಲುವುದನ್ನು ನೆನೆಸಿಕೊಂಡರೇ ನನಗೆ ನಡುಕ.

ಕೆಲಸದವರು ಮಾತಾಡಿಸುವ ರೀತಿಗೂ ಕಿವಿಗೊಡಿ. ಹೆಸರು ಹಿಡಿದೋ ಅಮ್ಮ, ಅಜ್ಜಿ, ದೊಡ್ಡಮ್ಮ ಎಂದೋ ಕರೆಯುತ್ತಾರಾ, ಇಲ್ಲಾ "ಆರನೇ ಬೆಡ್‌ದು ಡೈಪರ್ ಆಯ್ತಾ" ಅನ್ನುತ್ತಾರಾ?

ಮಳೆಗಾಲವಾದರೆ ಬಟ್ಟೆ ಎಲ್ಲಿ ಒಣಗಿಸುತ್ತೀರಿ ಎಂದು ಕೇಳಲೇಬೇಕು. ಅರೆಬರೆ ಒಣಗಿದ ಬಟ್ಟೆಯಿಂದ ತೊಡೆಸಂದಿಯಲ್ಲಿ ಹುಳುಕಡ್ಡಿ ಏಳುತ್ತದೆ. ಇಬ್ಬರು ಮೂವರು ರಾತ್ರಿಯಲ್ಲಿ ಮೈ ಕೆರೆದುಕೊಳ್ಳುತ್ತಿದ್ದರೆ ಕಜ್ಜಿ ಇರಬಹುದು. ಕಜ್ಜಿಗೆ ಒಬ್ಬರಿಗೆ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ. ಜೊತೆಗಿರುವವರಿಗೆಲ್ಲ, ಕೆಲಸದವರಿಗೂ ಸೇರಿ, ಒಂದೇ ದಿನ ಹಚ್ಚಿ ಬಟ್ಟೆ ಹಾಸಿಗೆಯನ್ನು ಬಿಸಿನೀರಲ್ಲಿ ತೊಳೆಯಬೇಕು.

ಎಷ್ಟು ಜನ ನರ್ಸ್ ಇರ್ಬೇಕು? ಅವರು ಹೇಳೋದನ್ನ ನಂಬೋದು ಹೆಂಗೆ?

"ಒಟ್ಟು ಎಷ್ಟು ಸ್ಟಾಫ್" ಎಂದು ಕೇಳಬೇಡಿ. ಅಡುಗೆಯವರು, ಡ್ರೈವರ್, ತೋಟದ ಆಳು ಎಲ್ಲ ಸೇರಿಸಿ ಹೇಳುತ್ತಾರೆ. ಕೇಳಬೇಕಾದದ್ದು "ನಿನ್ನೆ ರಾತ್ರಿ ಡ್ಯೂಟಿಯಲ್ಲಿ ಯಾರಿದ್ದರು, ಎಷ್ಟು ಜನರನ್ನು ನೋಡಿಕೊಂಡರು" ಎಂದು. ಡ್ಯೂಟಿ ಚಾರ್ಟ್ ತೋರಿಸಿ ಅನ್ನಿ. ನಂತರ ಎಣಿಕೆ ನೀವೇ ಮಾಡಿ: ಹಾಸಿಗೆ ಹಿಡಿದವರು ಎಂಟು ಜನ, ಒಬ್ಬೊಬ್ಬರನ್ನು ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಹತ್ತು ನಿಮಿಷ ಹಿಡಿದರೂ ಒಂದು ಸುತ್ತಿಗೆ ಎಂಬತ್ತು ನಿಮಿಷ. ಡೈಪರ್ ಬದಲಿಸಿ, ನೀರು ಕುಡಿಸಿ, ಬೆಲ್ಲಿಗೆ ಓಡಿದ ಮೇಲೆ ಒಬ್ಬಳ ಕೈಗೆ ಉಳಿಯುವುದೇನು? ಭಾರದ ಗಂಡಸಾದರೆ ಒಬ್ಬರ ಕೈಯಲ್ಲಿ ತಿರುಗಿಸಲೇ ಆಗುವುದಿಲ್ಲ.

ಓದಿದ ನರ್ಸ್ ಎಂದರೆ ಬಿ.ಎಸ್ಸಿ. ನರ್ಸಿಂಗ್ ಅಥವಾ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮಾಡಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು. ಆಯಾ, ಅಟೆಂಡರ್‌ಗಳನ್ನು ಕೀಳಾಗಿ ನೋಡಬೇಡಿ, ಮೈ ಒರೆಸಿ ಊಟ ಮಾಡಿಸುವುದರಲ್ಲಿ ನಮ್ಮಂಥ ನರ್ಸ್‌ಗಳಿಗಿಂತ ಅವರೇ ಚೂಟಿ. ಆದರೆ ಇನ್ಸುಲಿನ್ ಕೊಡುವುದು, ಮೂಗಿನ ಪೈಪು ನೋಡುವುದು ಓದಿದವರ ಕೆಲಸ. ಪಾಳಿಗೊಬ್ಬರಾದರೂ ಅಂಥವರು ಇರಬೇಕು.

ಕೆಲಸದ ಹುಡುಗಿಯನ್ನು ಪಕ್ಕಕ್ಕೆ ಕರೆದು "ಇಲ್ಲಿ ಎಷ್ಟು ದಿನ ಆಯ್ತು ತಂಗಿ?" ಎಂದು ಕೇಳಿ. ಮೂರ್ನಾಲ್ಕು ವರ್ಷದವರು ಸಿಕ್ಕರೆ ಒಳ್ಳೆ ಲಕ್ಷಣ. ಎಲ್ಲರೂ ಎರಡು ತಿಂಗಳಿನವರಾದರೆ ಸಂಬಳವೋ ಮಾಲೀಕರ ಬಾಯೋ ಸರಿಯಿಲ್ಲ. ಅದರ ಫಲ ಉಣ್ಣುವುದು ನಿಮ್ಮಮ್ಮ.

ಗೋಡೆ ಮೇಲೆ ಸರ್ಟಿಫಿಕೇಟು ತುಂಬಾ ಇದಾವೆ. ಯಾವುದು ಮುಖ್ಯ?

ಚಿಕಿತ್ಸೆ ಕೊಡುವ ಸಂಸ್ಥೆಯಾದರೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು, ಜನ ಅದನ್ನು ಕೆಪಿಎಂಇ ಅನ್ನುತ್ತಾರೆ. ಜಿಲ್ಲಾ ಮಟ್ಟದಲ್ಲಿ ಅದರ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಹೆಸರು, ವಿಳಾಸ ಈ ಕಟ್ಟಡದ್ದೇನಾ, ಅವಧಿ ಮುಗಿದಿದೆಯಾ ನೋಡಿ. ಬರೀ ವಾಸದ ವೃದ್ಧಾಶ್ರಮಗಳು ಸಾಮಾನ್ಯವಾಗಿ ಟ್ರಸ್ಟ್ ಅಥವಾ ಸಂಘದ ನೋಂದಣಿಯಲ್ಲಿ ನಡೆಯುತ್ತವೆ. ಆ ಪತ್ರ ಆರೈಕೆ ಚೆನ್ನಾಗಿದೆ ಎಂದು ಹೇಳುವುದಿಲ್ಲ. ಸನ್ಮಾನದ ಫೋಟೋ, ಮಂತ್ರಿಗಳು ಟೇಪು ಕತ್ತರಿಸಿದ ಫೋಟೋ ನೋಡುತ್ತಾ ಕಾಲ ಕಳೆಯಬೇಡಿ.

ಊಟ ಹೆಂಗಿದೆ ಅಂತ ಗೊತ್ತಾಗೋದು ಹೆಂಗೆ? ಮೆನು ಕೊಟ್ಟಿದಾರೆ.

ಮೆನು ಗೋಡೆಗೆ, ತಟ್ಟೆ ಹೊಟ್ಟೆಗೆ. ಮಧ್ಯಾಹ್ನ ಕೂತು ಒಂದು ತುತ್ತು ತಿನ್ನಿ. ತಿನ್ನಿಸುವವರು ಪಕ್ಕ ಕೂತು ತಿನ್ನಿಸುತ್ತಾರಾ, ನಿಂತುಕೊಂಡು ತುರುಕುತ್ತಾರಾ? ಅರ್ಧಕ್ಕೆ ಬಿಟ್ಟ ತಟ್ಟೆಗಳನ್ನು ಯಾರಾದರೂ ಬರೆದಿಡುತ್ತಾರಾ? ರಾತ್ರಿ ಊಟ ಆರೂವರೆಗೆ ಮುಗಿಸಿ ಬೆಳಗ್ಗೆ ಎಂಟೂವರೆಗೆ ತಿಂಡಿ ಕೊಟ್ಟರೆ ನಡುವೆ 14 ಗಂಟೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಿಗೆ ಇದು ಅಪಾಯ.

ನಮ್ಮವರಿಗೆ ರುಚಿಯ ನೆನಪು ದೊಡ್ಡದು. ನನ್ನ ಅತ್ತೆ ಅಲ್ಲಿಯ ಗಟ್ಟಿ ಅನ್ನ ಸಾರು ಮುಟ್ಟುತ್ತಲೇ ಇರಲಿಲ್ಲ. ಅಡುಗೆಯ ಹೆಣ್ಣುಮಗಳು ಒಂದು ದಿನ ಮೆತ್ತಗೆ ಗಂಜಿ ಮಾಡಿ, ಬ್ರಾಹ್ಮಿ ಎಲೆಯ ತಂಬುಳಿ ಹಾಕಿಕೊಟ್ಟಳು. ಲೋಟ ಖಾಲಿ. "ಇವರಿಗೆ ಏನು ಸೇರುತ್ತದೆ?" ಎಂದು ಸೇರಿಸುವಾಗಲೇ ಕೇಳಿ ಬರೆದುಕೊಳ್ಳುವ ಜಾಗ ಸಿಕ್ಕರೆ ಬಿಡಬೇಡಿ.

## ದುಡ್ಡು, ಕಾಗದ

ತಿಂಗಳಿಗೆ ಇಷ್ಟು ಅಂತ ಹೇಳಿ ಆಮೇಲೆ ಬಿಲ್ ಬೇರೇನೇ ಬರತ್ತಂತೆ, ಹೌದಾ?

ಹೌದು. ಡೈಪರ್, ಕೈಗವಸು, ಔಷಧಿ, ಫಿಸಿಯೋಥೆರಪಿ, ಡಾಕ್ಟರ್ ಬಂದು ಹೋದದ್ದು, ಆಸ್ಪತ್ರೆಗೆ ಜೊತೆ ಹೋದ ಅಟೆಂಡರ್ ಬಾಟ, ಇವೆಲ್ಲ ಸೇರಿದೆಯೋ ಹೊರಗೋ ಎಂದು ಒಂದೊಂದಾಗಿ ಕಾಗದದ ಮೇಲೆ ಬರೆಸಿಕೊಳ್ಳಿ. "ಹಾಸಿಗೆ ಹಿಡಿದರೆ ದರ ಎಷ್ಟು ಏರುತ್ತದೆ, ಅದನ್ನು ತೀರ್ಮಾನಿಸುವವರು ಯಾರು?" ಅನ್ನುವುದು ಎಲ್ಲರೂ ಮರೆಯುವ ಪ್ರಶ್ನೆ. ಹತ್ತು ದಿನ ಆಸ್ಪತ್ರೆಯಲ್ಲಿದ್ದರೆ ಆ ದಿನಗಳ ಬಾಡಿಗೆ ಕಡಿತವೇ? ತೀರಿಕೊಂಡರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್? ಕೇಳಲು ಬಾಯಿ ಬರುವುದಿಲ್ಲ, ಗೊತ್ತು. ಆದರೂ ಕೇಳಿ. ಔಷಧಿಯ ಬಿಲ್ಲಿಗೆ ಅಂಗಡಿಯ ಮೂಲ ರಸೀದಿ ಕೇಳುವುದು ನಿಮ್ಮ ಹಕ್ಕು.

ಮನೆ ಬರೆದುಕೊಟ್ರೆ ಕೊನೇತನಕ ನೋಡ್ಕೋತೀವಿ ಅಂತಿದಾರೆ. ಕೊಡಬಹುದಾ?

ಬೇಡ. ತಿಂಗಳ ಲೆಕ್ಕಕ್ಕೆ ತಿಂಗಳ ದುಡ್ಡು ಸಾಕು. ಸಂಬಂಧಿಕರಾಗಲಿ ಬೇರೆಯವರಾಗಲಿ, ನೋಡಿಕೊಳ್ಳುತ್ತೇವೆ ಎಂದು ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಆ ವರ್ಗಾವಣೆಯನ್ನು ಅನೂರ್ಜಿತ ಎಂದು ಘೋಷಿಸಬಹುದು. ಆದರೆ "ನೋಡಿಕೊಳ್ಳಬೇಕು" ಎಂಬ ಷರತ್ತಿಗೆ ಒಳಪಟ್ಟು ಕೊಟ್ಟದ್ದಾಗಿರಬೇಕು, ಅದಕ್ಕೇ ಪತ್ರದಲ್ಲಿ ಆ ಸಾಲು ಇರಲೇಬೇಕು. ಅರವತ್ತು ದಾಟಿದ ಯಾರೇ ಆದರೂ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಹೋಗಬಹುದು. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿಯವರಿಗೆ ಶಿವಮೊಗ್ಗದಲ್ಲಿ, ಸಾಗರ, ಸೊರಬ, ಹೊಸನಗರ, ಶಿಕಾರಿಪುರದವರಿಗೆ ಸಾಗರದಲ್ಲಿ ಉಪವಿಭಾಗದ ಕಚೇರಿ.

## ಬಿಟ್ಟು ಬಂದ ಮೇಲೆ

ಅಪ್ಪಯ್ಯ ಕೇಳಿದಾಗಲೆಲ್ಲ "ಅಡ್ಡಿಲ್ಲ, ಚೆನ್ನಾಗಿದೀನಿ" ಅಂತಾರೆ. ನಂಬೋದಾ?

ನಮ್ಮ ಮುದುಕರು "ಅಡ್ಡಿಲ್ಲ" ಎಂದರೆ ಅದರಲ್ಲಿ ಹತ್ತು ಅರ್ಥ. ಮಕ್ಕಳಿಗೆ ತೊಂದರೆ ಬೇಡ ಎಂದು ನುಂಗಿಕೊಳ್ಳುತ್ತಾರೆ. ಬಾಯನ್ನು ಬಿಟ್ಟು ಮೈಯನ್ನು ಕೇಳಿ.

ಹೋದ ಕೂಡಲೇ ಕೈ ಹಿಡಿದುಕೊಳ್ಳಿ. ಉಗುರು ನೋಡಿ, ಉದ್ದ ಬೆಳೆದು ಸಂದಿಯಲ್ಲಿ ಕೊಳೆ ಇದ್ದರೆ ವಾರದಿಂದ ಯಾರೂ ಸರಿಯಾಗಿ ಮೈ ತೊಳೆಸಿಲ್ಲ. ಬಾಯಿ ತೆರೆಸಿ. ನಾಲಿಗೆ ಒಣಗಿ ಬಿರುಕು ಬಿಟ್ಟಿದ್ದರೆ ನೀರು ಸಾಲುತ್ತಿಲ್ಲ. ಬಿಳಿ ಪದರ ಕಟ್ಟಿದ್ದರೆ ಬಾಯಿ ತೊಳೆಸುತ್ತಿಲ್ಲ, ಇಲ್ಲಾ ಶಿಲೀಂಧ್ರ ಹಿಡಿದಿದೆ. ಎಲೆ ಅಡಿಕೆ ಹಾಕುವವರ ಕೆನ್ನೆಯೊಳಗೆ ಹಳೇ ತುಣುಕು ಸಿಕ್ಕಿಕೊಂಡಿರುವುದನ್ನೂ ಕಂಡಿದ್ದೇನೆ. ಕಾಲುಚೀಲ ತೆಗೆಸಿ ಹಿಮ್ಮಡಿ ನೋಡಿ. ಮಲಗಿದಲ್ಲೇ ಇದ್ದು ಹುಣ್ಣು ಶುರುವಾಗುವ ಜಾಗಗಳಲ್ಲಿ ಹಿಮ್ಮಡಿ ಒಂದು, ಅಲ್ಲಿ ಯಾರೂ ನೋಡುವುದಿಲ್ಲ. ಎಣ್ಣೆ ಹಚ್ಚುವ ನೆಪದಲ್ಲಿ ಬೆನ್ನು, ಸೊಂಟದ ಕೆಳಗೆ ಕಣ್ಣಾಡಿಸಿ. ಮೇಲ್ತೋಳಿನಲ್ಲಿ ಬೆರಳಿನ ಗುರುತಿನಂಥ ನೀಲಿ ಕಲೆ ಇದ್ದರೆ ಎಳೆದು ಎಬ್ಬಿಸಿದ್ದಾರೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಸುಮ್ಮನೆ ತಗುಲಿದರೂ ಕಲೆಯಾಗುತ್ತದೆ, ಹಾಗಾಗಿ ಜಗಳಕ್ಕೆ ಮುಂಚೆ ಮಾತ್ರೆಯ ಪಟ್ಟಿ ನೋಡಿ.

ತೂಕದ ಮಿಷನ್ ಸುಳ್ಳು ಹೇಳುವುದಿಲ್ಲ. ತಿಂಗಳಿಗೊಮ್ಮೆ ತೂಕ ಬರೆಯುತ್ತಾರಾ ಕೇಳಿ. ಒಂದು ತಿಂಗಳಲ್ಲಿ ಶೇ. 5, ಆರು ತಿಂಗಳಲ್ಲಿ ಶೇ. 10ರಷ್ಟು ಇಳಿದರೆ ಡಾಕ್ಟರಿಗೆ ತೋರಿಸಬೇಕಾದ ವಿಷಯ. ಐವತ್ತು ಕೆ.ಜಿ.ಯ ಅಜ್ಜಿಗೆ ಅದು ತಿಂಗಳಿಗೆ ಎರಡೂವರೆ ಕೆ.ಜಿ. ಮಂಚದಿಂದ ಏಳಲಾಗದವರದ್ದಾದರೆ ಬಳೆ, ಉಂಗುರ, ರವಿಕೆಯ ತೋಳು ಎಷ್ಟು ಸಡಿಲವಾಯಿತು ಎನ್ನುವುದೇ ಲೆಕ್ಕ.

ಬೆನ್ನಲ್ಲಿ ಹಾಸಿಗೆ ಹುಣ್ಣು ಆಗಿದೆ. ಅವರದ್ದೇ ತಪ್ಪಾ?

ಬಹುಪಾಲು ತಪ್ಪಿಸಬಹುದಾದದ್ದು. ಎಲ್ಲವೂ ಅಲ್ಲ. ಜೀವ ಇಳಿದ ಕೊನೆಯ ದಿನಗಳಲ್ಲಿ, ಎಷ್ಟೇ ತಿರುಗಿಸಿದರೂ ಚರ್ಮ ಬಿಡುವುದುಂಟು. ಆದರೆ ಹುಣ್ಣು ಒಂದೇ ದಿನಕ್ಕೆ ಗುಳಿಯಾಗುವುದು ಅಪರೂಪ. ಸಾಮಾನ್ಯವಾಗಿ ಮೊದಲು ಕೆಂಪಗಾಗುತ್ತದೆ, ಬೆರಳಲ್ಲಿ ಒತ್ತಿದರೂ ಆ ಕೆಂಪು ಮಾಸುವುದಿಲ್ಲ. ಕಪ್ಪು ಮೈಯವರಲ್ಲಿ ಕೆಂಪು ಕಾಣದೆ ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರುತ್ತದೆ. ಆಮೇಲೆ ಚರ್ಮ ಸುಲಿಯುವುದು, ನಂತರ ಆಳಕ್ಕೆ ಹೋಗುವುದು, ಕೊನೆಗೆ ಎಲುಬೇ ಕಾಣುವುದು. ಹೀಗೆ ನಾಲ್ಕು ಹಂತ. ಮೊದಲ ಹಂತದಲ್ಲೇ ನಿಮಗೆ ಫೋನ್ ಮಾಡಿ "ಇಲ್ಲಿ ಕೆಂಪಗಾಗಿದೆ, ಹೀಗೆ ಮಾಡ್ತಿದೀವಿ" ಎಂದರೆ ಅವರನ್ನು ನಂಬಿ. ನಾಲ್ಕನೆಯದನ್ನು ನೀವೇ ಹೊದಿಕೆ ಸರಿಸಿ ಕಂಡುಹಿಡಿದರೆ ಅಲ್ಲಿ ವಾರಗಟ್ಟಲೆ ಯಾರೂ ನೋಡಿಲ್ಲ.

ಅತ್ತೆಯವರಿಗೆ ಹಾಗೇ ಆಯಿತು. "ಏರ್ ಬೆಡ್ ಹಾಕಿದೀವಲ್ಲ ಮೇಡಂ" ಎಂದರು. ಹಾಸಿಗೆಗೆ ಗಾಳಿ ತುಂಬುವ ಪೈಪು ಕಳಚಿ ನೆಲದಲ್ಲಿ ಬಿದ್ದಿತ್ತು, ಮಿಷನ್ ಮಾತ್ರ ಗುಂಯ್ ಅನ್ನುತ್ತಿತ್ತು. ಅದು ಸರಿಯಿದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ. ಕೆಂಪಾದ ಜಾಗವನ್ನು ಉಜ್ಜಬಾರದು, ಸ್ಪಿರಿಟ್ ಹಚ್ಚಬಾರದು, ನಡುವೆ ತೂತಿರುವ ಟ್ಯೂಬಿನ ಮೇಲೆ ಕೂರಿಸಬಾರದು. ಈ ಮೂರೂ ಹಳೇ ಅಭ್ಯಾಸ. ನಾನೂ ಶುರುವಿನ ವರ್ಷಗಳಲ್ಲಿ ಮಾಡಿದ್ದೇನೆ.

ನಾವು ಹೋದಾಗಲೆಲ್ಲ ಅಮ್ಮ ನಿದ್ದೇಲೇ ಇರ್ತಾಳೆ. ಏನಾದ್ರೂ ಕೊಡ್ತಿದಾರಾ?

ಕೊಡುತ್ತಿರಬಹುದು. ಔಷಧಿ ಕೊಟ್ಟ ಚಾರ್ಟ್ ಕೇಳಿ, ಫೋಟೋ ತೆಗೆದುಕೊಂಡು ನಿಮ್ಮ ಡಾಕ್ಟರಿಗೆ ತೋರಿಸಿ. ಆಲ್ಪ್ರಜೋಲಾಮ್, ಲೊರಾಜೆಪಾಮ್, ಕ್ವೆಟಯಾಪಿನ್, ಹ್ಯಾಲೊಪೆರಿಡಾಲ್ ಇಂಥ ಮಂಪರು ತರುವ ಔಷಧಿಗಳ ಹೆಸರಿದ್ದರೆ ಯಾರು ಬರೆದರು, ಯಾವಾಗಿಂದ, ಎಷ್ಟು ದಿನಕ್ಕೆ ಎಂದು ಕೇಳಿ. ಮರೆವಿನ ಕಾಯಿಲೆಯ ಹಿರಿಯರಿಗೆ ಕ್ವೆಟಯಾಪಿನ್ ಥರದ ಮನೋವಿಕಾರದ ಔಷಧಿ ಕೊಟ್ಟಾಗ ಸಾವಿನ ಸಾಧ್ಯತೆ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೆಲವರಿಗೆ ಅದು ಬೇಕಾಗುತ್ತದೆ, ಡಾಕ್ಟರ್ ನೋಡಿ ಸಣ್ಣ ಪ್ರಮಾಣದಲ್ಲಿ ಸ್ವಲ್ಪ ಕಾಲ ಕೊಡುತ್ತಾರೆ. ರಾತ್ರಿ ಪಾಳಿಯವರ ನಿದ್ದೆಗಾಗಿ ಕೊಡುವಂಥದ್ದಲ್ಲ ಅದು. ಹಾಗೆಂದು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಇನ್ನೊಂದು ಮಾತು, ಹೊಸದಾಗಿ ಮಂಕು ಕವಿದಿದ್ದರೆ ಮೂತ್ರದ ಸೋಂಕು, ಸೋಡಿಯಂ ಇಳಿದದ್ದು, ಮಲಬದ್ಧತೆಯೂ ಕಾರಣವಿರಬಹುದು. ರಕ್ತ, ಮೂತ್ರ ಪರೀಕ್ಷೆ ಮಾಡಿಸದೆ ಯಾರ ಮೇಲೂ ಗೂಬೆ ಕೂರಿಸಬೇಡಿ.

ಮಂಚಕ್ಕೆ ಕೈ ಕಟ್ಟಿದ್ರು. "ಬೀಳ್ತಾರೆ ಅಂತ" ಅಂದ್ರು.

ಕಟ್ಟಿದರೆ ಬೀಳುವುದು ತಪ್ಪುತ್ತದೆ ಅನ್ನುವುದು ನಂಬಿಕೆ ಅಷ್ಟೇ. ಕಟ್ಟು ಬಿಡಿಸಿಕೊಳ್ಳಲು ಹೋಗಿ ಇನ್ನೂ ಕೆಟ್ಟದಾಗಿ ಬೀಳುತ್ತಾರೆ, ಕಾಲಿನ ಕಸುವು ಹೋಗುತ್ತದೆ, ಹುಣ್ಣಾಗುತ್ತದೆ. ತಗ್ಗಿನ ಮಂಚ, ರಾತ್ರಿ ಸಣ್ಣ ದೀಪ, ಮಲಗುವ ಮುಂಚೆ ಮೂತ್ರಕ್ಕೆ ಕರೆದೊಯ್ಯುವುದು, ಜಾರದ ಚಪ್ಪಲಿ ಇವೆಲ್ಲ ಮಾಡಿ ನೋಡಿದ್ದೀರಾ ಎಂದು ಕೇಳಿ. ಬಿದ್ದ ಪ್ರತಿ ಸಲವೂ ಪುಸ್ತಕದಲ್ಲಿ ಬರೆದಿರಬೇಕು, ಅದೇ ದಿನ ನಿಮಗೆ ಹೇಳಿರಬೇಕು. ನಿಮಗೆ ಹೇಳದೆ ಕಟ್ಟಿದ್ದರೆ ಬೇರೆ ಜಾಗ ಹುಡುಕಲು ಶುರುಮಾಡಿ.

ಅಜ್ಜ ಸಂಜೆ ಆದ್ರೆ "ಮನೆಗೆ ಹೋಗ್ಬೇಕು, ದನ ಬಂದಿರತ್ತೆ" ಅಂತ ಬಾಗಿಲು ಬಡೀತಾರಂತೆ. ಅಲ್ಲಿಯವರು ಹೆಂಗೆ ನಡ್ಕೋಬೇಕು?

ಮರೆವಿನ ಕಾಯಿಲೆಯಲ್ಲಿ ಮುಸ್ಸಂಜೆಗೆ ಚಡಪಡಿಕೆ ಏರುವುದು ಸಾಮಾನ್ಯ. ಒಳ್ಳೆ ಕಡೆಯವರು "ದನ ಎಲ್ಲಿದೆ ಅಜ್ಜ, ಇದು ಆಶ್ರಮ" ಎಂದು ತಿದ್ದಲು ಹೋಗುವುದಿಲ್ಲ. "ಎಷ್ಟು ದನ ಇದ್ವು? ಹಾಲು ಕರೀತಿದ್ದೋರು ಯಾರು?" ಎಂದು ಕೇಳುತ್ತಾ ಅಂಗಳದಲ್ಲಿ ಎರಡು ಸುತ್ತು ಹಾಕಿಸುತ್ತಾರೆ. ಐದಕ್ಕೇ ದೀಪ ಹಚ್ಚುತ್ತಾರೆ, ಕಷಾಯ ಕೊಡುತ್ತಾರೆ. ಒಬ್ಬ ಅಟೆಂಡರ್ ಹುಡುಗ ಇಂಥ ಅಜ್ಜನೊಬ್ಬರಿಗೆ ದಿನಾ ಸಂಜೆ ಬುಟ್ಟಿ ತುಂಬ ಒಣ ಅಡಿಕೆ ಕೊಟ್ಟು ಆರಿಸಲು ಕೂರಿಸುತ್ತಿದ್ದ. ಬೆಟ್ಟೆ, ಗೊರಬಲು ಅಂತ ಅಡಿಕೆಯ ಬಗೆಗಳನ್ನು ಬೇರೆ ಬೇರೆ ಮಾಡುತ್ತಾ ಅಜ್ಜ ಶಾಂತ. ರಾತ್ರಿ ಆ ಹುಡುಗ ಎಲ್ಲ ಮತ್ತೆ ಬೆರೆಸಿಡುತ್ತಿದ್ದ. ಯಾವ ಟ್ರೈನಿಂಗಿನಲ್ಲೂ ಅವನಿಗೆ ಅದನ್ನು ಕಲಿಸಿರಲಿಲ್ಲ.

ಮೂಗಲ್ಲಿ, ಮೂತ್ರಕ್ಕೆ ಪೈಪು ಹಾಕಿದಾರೆ. ಸರಿಯಾಗಿ ನೋಡ್ಕೋತಿದಾರಾ ಅಂತ ಹೆಂಗೆ ತಿಳಿಯೋದು?

ಮೂಗಿನ ಪೈಪಿನಲ್ಲಿ ಗಂಜಿ ಬಿಡುವಾಗ ತಲೆಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು, ಮುಗಿದ ಮೇಲೂ ಮುಕ್ಕಾಲು ಗಂಟೆಯಾದರೂ ಹಾಗೇ ಇರಬೇಕು. ಮಲಗಿಸಿ ಬಿಟ್ಟರೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಬಾಯಿಂದ ತಿನ್ನದಿದ್ದರೂ ಬಾಯಿ ಒರೆಸಿ ಸ್ವಚ್ಛ ಮಾಡಬೇಕು. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ತೂಗುತ್ತಿರಬೇಕು. ಪೈಪು ಯಾವತ್ತು ಹಾಕಿದ್ದು, ಯಾವತ್ತು ಬದಲಿಸುವುದು ಎಂದು ಕೇಳಿದರೆ ತಟ್ಟನೆ ದಿನಾಂಕ ಹೇಳಬೇಕು. ಎಲ್ಲಕ್ಕಿಂತ ಮೊದಲು "ಇದು ಇನ್ನೂ ಬೇಕಾ?" ಎಂದು ಕೇಳಿ. ಡೈಪರ್ ಬದಲಿಸುವ ಶ್ರಮ ಉಳಿಯಲಿ ಎಂದು ಮೂತ್ರದ ಪೈಪು ಹಾಗೇ ಬಿಟ್ಟಿರುವುದೂ ಉಂಟು.

ಸಿಸಿಟಿವಿ ಇದೆ, ಮೊಬೈಲಲ್ಲೇ ನೋಡ್ಬಹುದು ಅಂತಾರೆ. ನಾನು ಹೊರದೇಶದಲ್ಲಿದೀನಿ, ಅದು ಸಾಕಲ್ವಾ?

ಕ್ಯಾಮೆರಾಕ್ಕೆ ಹಿಮ್ಮಡಿ ಕಾಣುವುದಿಲ್ಲ, ವಾಸನೆ ಗೊತ್ತಾಗುವುದಿಲ್ಲ. ಬಟ್ಟೆ ಬದಲಿಸುವ ಕಡೆ ಕ್ಯಾಮೆರಾ ಇದ್ದರೆ ಅದು ಬೇರೆಯೇ ತಪ್ಪು. ಹತ್ತಿರದ ನೆಂಟರನ್ನೋ ಅಪ್ಪನ ಹಳೇ ಸಹೋದ್ಯೋಗಿಯನ್ನೋ ಹದಿನೈದು ದಿನಕ್ಕೊಮ್ಮೆ ಕಳಿಸಿ, ಪೆಟ್ರೋಲ್ ದುಡ್ಡು ಕೊಡಿ. ಅಡಿಕೆ ಕೊಯ್ಲಿನ ಎರಡು ಮೂರು ತಿಂಗಳು ನಮ್ಮ ಕಡೆ ಯಾರಿಗೂ ಪುರುಸೊತ್ತಿರುವುದಿಲ್ಲ, ಆಗ ಯಾರು ಹೋಗುತ್ತಾರೆ ಎಂದು ಮುಂಚೆಯೇ ಗೊತ್ತು ಮಾಡಿಕೊಳ್ಳಿ. ನೋಡಲು ಜನ ಬರುವ ಮಂಚಕ್ಕೆ ಆರೈಕೆ ಒಂದು ಕೈ ಹೆಚ್ಚು. ಕೆಲಸ ಮಾಡಿದವಳಾಗಿ ಹೇಳಲು ನಾಚಿಕೆಯಾದರೂ ಇದು ನಿಜ.

## ಗಟ್ಟಿ ಪ್ರಶ್ನೆಗಳು

ತಪ್ಪು ಕಂಡಿದ್ದನ್ನ ಹೇಳಿದ್ರೆ ಆ ಸಿಟ್ಟನ್ನ ಅಪ್ಪನ ಮೇಲೆ ತೀರಿಸ್ಕೊಂಡ್ರೆ?

ಈ ಭಯ ನನಗೂ ಇತ್ತು. ಅತ್ತೆಯ ಹುಣ್ಣು ಕಂಡ ದಿನ ಆಯಾಳ ಮೇಲೆ ಕೂಗಾಡಿದೆ. ಅದು ತಪ್ಪಾಯಿತು. ಹದಿನಾರು ಜನರಿಗೆ ಅವಳೊಬ್ಬಳೇ ಇದ್ದಳು. ಮರುದಿನ ಮ್ಯಾನೇಜರ್ ಮುಂದೆ ಕೂತು ದಿನಾಂಕ, ಫೋಟೋ ಸಮೇತ ಒಂದು ಪುಟ ಬರೆದುಕೊಟ್ಟೆ. ಮಗ್ಗುಲು ಬದಲಿಸಿದ ಹೊತ್ತು ಬರೆಯುವ ಹಾಳೆಯನ್ನು ಮಂಚಕ್ಕೆ ತೂಗುಹಾಕಿ ಎಂದೆ, ವಾರದ ಗಡುವು ಕೊಟ್ಟೆ. ಹಾಳೆ ಬಂತು. ಮೂರನೇ ದಿನ ನೋಡಿದರೆ ರಾತ್ರಿಯಿಡೀ ಹೊತ್ತುಗಳನ್ನು ಒಂದೇ ಪೆನ್ನಿನಲ್ಲಿ, ಒಂದೇ ಸಲಕ್ಕೆ ಬರೆದು ತುಂಬಿಸಿದ್ದರು. ಅವತ್ತೇ ಬೇರೆ ಕಡೆ ವಿಚಾರಿಸಲು ಶುರುಮಾಡಿದೆ. ಕೆಳಗಿನವರ ಹತ್ತಿರ ಪ್ರೀತಿಯಿಂದಿರಿ, ಮೇಲಿನವರ ಹತ್ತಿರ ಬರವಣಿಗೆಯಲ್ಲಿ ವ್ಯವಹರಿಸಿ.

ಅಲ್ಲಿ ಕೇಳೋರಿಲ್ಲ ಅಂದ್ರೆ ಹೊರಗೆ ಯಾರಿಗೆ ಹೇಳೋದು?

ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567, ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ರಾಜ್ಯದಲ್ಲಿ ಈ ವಿಷಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಸೇರುತ್ತದೆ, ಜಿಲ್ಲಾ ಕೇಂದ್ರದಲ್ಲಿ ಅದರ ಕಚೇರಿ ಇದೆ. ಚಿಕಿತ್ಸೆ ಕೊಡುವ ಸಂಸ್ಥೆಯಾದರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬರೆಯಿರಿ. ದುಡ್ಡು ತಗೊಂಡು ಹೇಳಿದ ಸೇವೆ ಕೊಡಲಿಲ್ಲ ಎಂದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಹಣ 5 ಲಕ್ಷದವರೆಗಿನದಾದರೆ ದೂರಿಗೆ ಶುಲ್ಕವಿಲ್ಲ. ಹೊಡೆತ, ಕಳವು, ಮೈಮುಟ್ಟುವ ದೌರ್ಜನ್ಯವಾದರೆ ಬೇರೆಲ್ಲ ಬಿಟ್ಟು ನೇರ 112. ಬಿಲ್ಲು, ರಸೀದಿ, ದಿನಾಂಕವಿರುವ ಫೋಟೋ, ವಾಟ್ಸಾಪ್ ಮಾತುಕತೆ ಅಳಿಸಬೇಡಿ.

ಮಕ್ಕಳಿಗೂ ಒಂದು ಮಾತು. ಸೇರಿಸಿ, ನಂಬರ್ ಬದಲಿಸಿ, ತಿರುಗಿ ನೋಡದವರೂ ಇದ್ದಾರೆ. ಹಿರಿಯರನ್ನು ಕೈಬಿಟ್ಟು ಹೋದರೆ ಅದೇ 2007ರ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಜಾಗ ಬದಲಿಸೋದು ಅಮ್ಮನಿಗೆ ಇನ್ನೂ ಕಷ್ಟ ಆಗಲ್ವಾ?

ಆಗುತ್ತದೆ. ಮರೆವಿನವರಿಗಂತೂ ಎರಡು ಮೂರು ವಾರ ದಿಕ್ಕೇ ತಪ್ಪುತ್ತದೆ. ಊಟ ಸಪ್ಪೆ, ಟಿವಿ ಜೋರು, ಪಕ್ಕದ ಮಂಚದವರು ಗೊಣಗುತ್ತಾರೆ ಅನ್ನುವುದಕ್ಕೆಲ್ಲ ಬದಲಿಸಬೇಡಿ, ಮಾತಾಡಿ ಸರಿಮಾಡಿಕೊಳ್ಳಿ. ಹುಣ್ಣು ಮುಚ್ಚಿಟ್ಟರು, ಬಿದ್ದದ್ದನ್ನು ಹೇಳಲಿಲ್ಲ, ಹೊಡೆದರು ಎಂದಾದರೆ ಆ ಮೂರು ವಾರದ ಕಷ್ಟವೇ ವಾಸಿ. ಬದಲಿಸುವಾಗ ಅವರ ಹಳೇ ಕಂಬಳಿ, ದೇವರ ಫೋಟೋ, ತಲೆದಿಂಬು ಜೊತೆಗೆ ಹೋಗಲಿ. ದಿಂಬಿನ ಚೀಲ ಒಗೆಯಬೇಡಿ, ಮನೆಯ ವಾಸನೆ ಇರಲಿ. ನರ್ಸ್ ಆಗಿ ನಾನು ಹೇಳಬಾರದ ಮಾತು ಇದು.

ಕೊನೆಗಾಲದ ಬಗ್ಗೆ ಅಲ್ಲಿಯವರ ಹತ್ರ ಏನು ಮಾತಾಡ್ಬೇಕು?

ಸೇರಿಸಿದ ಮೊದಲ ತಿಂಗಳಲ್ಲೇ ಮಾತಾಡಿ. ಉಸಿರು ಕಷ್ಟವಾದರೆ ಕೂಡಲೇ ಆಸ್ಪತ್ರೆ, ಐಸಿಯು ಎಂದು ಓಡಿಸುತ್ತೀರಾ, ಇಲ್ಲಾ ಮೊದಲು ನಮ್ಮನ್ನು ಕೇಳುತ್ತೀರಾ? ಫೋನ್ ಮಾಡುವ ಮೊದಲ ಹೆಸರು ಯಾರದ್ದು, ಅವರು ಸಿಗದಿದ್ದರೆ ಎರಡನೆಯದು ಯಾರದ್ದು? ಅಣ್ಣತಮ್ಮಂದಿರು ಇದನ್ನು ಮೊದಲು ತಮ್ಮೊಳಗೆ ತೀರ್ಮಾನಿಸಿಕೊಳ್ಳಿ. ಒಬ್ಬ ವೆಂಟಿಲೇಟರ್ ಎಂದು, ಇನ್ನೊಬ್ಬ ಬೇಡ ಎಂದು ವಾರ್ಡಿನ ಬಾಗಿಲಲ್ಲಿ ಜಗಳವಾಡಿದ್ದನ್ನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ. ಅಮ್ಮನಿಗೆ ಇನ್ನೂ ತಿಳಿವಳಿಕೆ ಇದ್ದರೆ ಅವಳನ್ನೇ ಕೇಳಿ. ನೋವಿಗೆ ಏನು ಕೊಡುತ್ತೀರಿ, ಸಾವನ್ನು ದೃಢೀಕರಿಸಿ ಬರೆದುಕೊಡಲು ರಾತ್ರಿಯಲ್ಲಿ ಡಾಕ್ಟರ್ ಬರುತ್ತಾರಾ, ದೇಹವನ್ನು ಊರಿಗೆ ಒಯ್ಯಲು ಗಾಡಿ ಸಿಗುತ್ತದಾ, ಇವೂ ಅದೇ ದಿನದ ಪ್ರಶ್ನೆಗಳು.

ಕೊನೆಯದಾಗಿ, ರಾತ್ರಿ ಪಕ್ಕದಲ್ಲಿ ಕೂರಲು ಬಿಡುತ್ತೀರಾ ಎಂದು ಕೇಳಿ. ಎರಡನೇ ಜಾಗದವರು ಅತ್ತೆಯ ಕೊನೆಯ ಮೂರು ರಾತ್ರಿ ನನಗೊಂದು ಕುರ್ಚಿ, ಒಂದು ಶಾಲು ಕೊಟ್ಟಿದ್ದರು. ಹೊರಗೆ ಆಷಾಢದ ಮಳೆ ಹುಯ್ಯುತ್ತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ರಾತ್ರಿ ಪಾಳಿಯ ಹುಡುಗಿ ಸದ್ದಿಲ್ಲದೆ ಬಂದು, ಹತ್ತಿಯನ್ನು ನೀರಲ್ಲಿ ಅದ್ದಿ ಅವರ ತುಟಿ ಒದ್ದೆ ಮಾಡಿ, ಚಾರ್ಟಿನಲ್ಲಿ ಹೊತ್ತು ಬರೆದು ಹೋದಳು. ಗಡಿಯಾರ ನೋಡಿದೆ. ಅವಳು ಬರೆದದ್ದು ಸರಿಯಾಗಿತ್ತು.